ಹಣ್ಣಿನ ನೊಣದ ಹುಟ್ಟುಗುಣವೂ ಮದ್ಯಸಾರವೂ

೧. ಪ್ರಸ್ತಾವನೆ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯು ನಮ್ಮ ನಾಡಿನಲ್ಲಿ ಆಬಾಲವೃದ್ಧರಿಗೂ ತಿಳಿದುದೇ ಆಗಿದೆ. ಗಾದೆಗಳು ಲೋಕಾನುಭವದ ಸಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವುಗಳನ್ನು ಸಿದ್ಧಾಂತವೆಂದೇ ಭಾವಿಸಿ ಒಬ್ಬ ಮನುಷ್ಯನ ಮೇಲೆ ಪ್ರಯೋಗಿಸುವಾಗ ಎಷ್ಟು ಎಚ್ಚರದಿಂದಿರಬೇಕೆಂಬುದು ನನಗೆ ತಿಳಿದುಬಂದದ್ದು ತಡವಾಗಿ. ಹಲವು ವರ್ಷಗಳ ಹಿಂದೆ ನನ್ನಲ್ಲಿ ಕಾವ್ಯಪಾಠಕ್ಕೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಕುಡಿತಕ್ಕೆ ಬಿದ್ದು ವ್ಯಾಸಂಗವನ್ನು ಬಿಟ್ಟನು. ಅವನ ತಂದೆಯೂ ಕುಡಿಯುತ್ತಿದ್ದವನೇ. ಊರಿನ ಹಿರಿಯರು ಈ ಗಾದೆಯನ್ನು ಹೇಳಿ ಸುಮ್ಮನಾದರು, ನಾನೂ ಸುಮ್ಮನಾದೆನು. ಅವನು ಮೂವತ್ತು ತುಂಬುವ ಮೊದಲೇ ತೀರಿಕೊಂಡನು.

ಈಚೆಗೆ ಪ್ರಾಣಿಶಾಸ್ತ್ರದ ಅಧ್ಯಾಪಕರಾದ ಮಿತ್ರರೊಬ್ಬರೊಡನೆ ಮಾತನಾಡುತ್ತಿದ್ದಾಗ ಈ ಸಂಗತಿಯು ಪ್ರಸ್ತಾಪಕ್ಕೆ ಬಂದಿತು. ಅವರು, “ಪಂಡಿತರೇ, ಆ ಗಾದೆಯನ್ನು ನಂಬುವುದಕ್ಕೆ ಮೊದಲು ತಾವು ಹಣ್ಣಿನ ನೊಣವನ್ನು ಒಮ್ಮೆ ವಿಚಾರಿಸಬೇಕು” ಎಂದರು. ಮೊದಲು ಇದು ಪರಿಹಾಸದಂತೆ ತೋರಿತು. ಅವರು ಕೊಟ್ಟ ಲೇಖನಗಳನ್ನು ಅವರ ನೆರವಿನಿಂದ ಓದಿಕೊಂಡ ಮೇಲೆ, ಹುಟ್ಟುಗುಣವೆಂದರೇನು, ಅದು ಎಷ್ಟರ ಮಟ್ಟಿಗೆ ಕಾರಣವಾಗುತ್ತದೆ ಎಂಬ ಪ್ರಶ್ನೆಗೆ ಈ ಅಲ್ಪಪ್ರಾಣಿಯಿಂದ ದೊರೆತಷ್ಟು ವಿಶದವಾದ ಉತ್ತರವು ಬೇರೆಲ್ಲಿಯೂ ದೊರೆಯಲಾರದೆಂದು ಮನಗಂಡೆನು. ಆ ವಿಚಾರವನ್ನು ಗ್ರಂಥಸಂಪಾದನೆಯಲ್ಲಿಯೂ ಬೋಧನೆಯಲ್ಲಿಯೂ ನಿರತರಾದ ವಾಚಕರ ಮುಂದೆ ಯಥಾಮತಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨. ನೊಣದ ಪರಿಚಯ

ಮಾಗಿದ ಬಾಳೆಹಣ್ಣನ್ನು ಒಂದೆರಡು ದಿನ ಹಾಗೆಯೇ ಇಟ್ಟರೆ ಅದರ ಸುತ್ತ ಹಾರಾಡುವ, ಎರಡು ಮೂರು ಮಿಲಿಮೀಟರಿಗೆ ಮೀರದ, ಕೆಂಪು ಕಣ್ಣಿನ ಚಿಕ್ಕ ನೊಣಗಳನ್ನು ನೋಡದವರಿಲ್ಲ. ಇವುಗಳಲ್ಲಿ ಪ್ರಸಿದ್ಧವಾದುದಕ್ಕೆ ಮೈಗೆನ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞನು ೧೮೩೦ರಲ್ಲಿ ಮೆಲನೋಗ್ಯಾಸ್ಟರ್ ಎಂಬ ಜಾತಿನಾಮವನ್ನು ಕೊಟ್ಟನು. ಇಂದು ಅದನ್ನು ಡ್ರೋಸೋಫಿಲ ಮೆಲನೋಗ್ಯಾಸ್ಟರ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯ ಈ ಪದಗಳಿಗೆ ತುಷಾರಪ್ರಿಯ, ಕೃಷ್ಣೋದರ ಎಂದು ಅರ್ಥ. ಇಪ್ಪತ್ತೈದು ಡಿಗ್ರಿ ಉಷ್ಣತೆಯಲ್ಲಿ ಇದು ಸುಮಾರು ಹತ್ತು ದಿನಗಳಲ್ಲಿ ಮೊಟ್ಟೆಯಿಂದ ನೊಣವಾಗುತ್ತದೆ. ಸೀಸೆಯೊಂದರಲ್ಲಿ ನೂರಾರು ನೊಣಗಳನ್ನು ಸಾಕಬಹುದು. ಒಂದು ವರ್ಷದೊಳಗೆ ಮೂವತ್ತಕ್ಕೂ ಹೆಚ್ಚು ತಲೆಮಾರುಗಳನ್ನು ಕಾಣಬಹುದು. ಈ ಸೌಕರ್ಯವನ್ನು ಕಂಡೇ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನನು ಇದನ್ನು ಸಾಕಿದನು. ೧೯೧೦ರಲ್ಲಿ ಬಿಳಿಯ ಕಣ್ಣಿನ ನೊಣವೊಂದು ಅವನಿಗೆ ದೊರೆಯಿತು. ಅದರಿಂದ ಮೊದಲಾದ ಸಂಶೋಧನೆಗಾಗಿ ೧೯೩೩ರಲ್ಲಿ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು. ನಮ್ಮಲ್ಲಿಯೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ಕುಲದ ನೊಣಗಳ ತಳಿಗಳನ್ನು ಸಂಗ್ರಹಿಸಿ ಕಾಪಾಡುವ ಕೇಂದ್ರವಿದೆಯೆಂಬುದನ್ನು ಇಲ್ಲಿ ಸ್ಮರಿಸಬಹುದು.

ಈ ನೊಣಕ್ಕೂ ಮದ್ಯಸಾರಕ್ಕೂ ಇರುವ ಸಂಬಂಧವು ಆಗಂತುಕವಾದುದಲ್ಲ. ಕೊಳೆಯುವ ಹಣ್ಣಿನಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಹೆಣ್ಣುನೊಣವು ಮೊಟ್ಟೆಯಿಡುವುದು ಅಲ್ಲಿಯೇ. ಮರಿಹುಳುವು ಯೀಸ್ಟನ್ನು ತಿಂದು ಬೆಳೆಯುವುದೂ ಆ ರಸದಲ್ಲಿಯೇ. ಆದುದರಿಂದ ಮದ್ಯಸಾರವು ಇದಕ್ಕೆ ಹುಟ್ಟಿದಂದಿನಿಂದಲೂ ಅನ್ನದೊಡನೆ ಬೆರೆತಿರುವ ವಸ್ತು. ಅಲ್ಪಪ್ರಮಾಣದಲ್ಲಿ ಅದು ಆಹಾರ. ಪ್ರಮಾಣವು ಮೀರಿದರೆ ವಿಷ. ಈ ಎರಡರ ನಡುವಣ ಎಲ್ಲೆಯು ಎಲ್ಲ ನೊಣಗಳಿಗೂ ಒಂದೇ ಆಗಿಲ್ಲವೆಂಬುದೇ ನಮ್ಮ ವಿಚಾರಕ್ಕೆ ಮೂಲ.

೩. ಕಿಣ್ವದ ಕಾರ್ಯ

ದೇಹದಲ್ಲಿ ಒಂದು ವಸ್ತುವನ್ನು ಮತ್ತೊಂದಾಗಿ ಮಾರ್ಪಡಿಸುವ ಪ್ರೋಟೀನುಗಳನ್ನು ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಿ ಕಿಣ್ವಗಳೆಂದು ಕರೆಯುತ್ತಾರೆ. ಸಂಸ್ಕೃತದಲ್ಲಿ ಈ ಪದಕ್ಕೆ ಸುರೆಯನ್ನು ಹುದುಗೆಬ್ಬಿಸಲು ಹಾಕುವ ದ್ರವ್ಯವೆಂಬ ಅರ್ಥವಿರುವುದು ವಾಚಕರಿಗೆ ತಿಳಿದಿದೆ. ಸುರೆಯನ್ನು ಹುಟ್ಟಿಸುವುದಕ್ಕೆ ಇದ್ದ ಹೆಸರು ಇಲ್ಲಿ ಸುರೆಯನ್ನು ಕರಗಿಸುವುದಕ್ಕೂ ಸಂದಿದೆ.

ನೊಣದ ದೇಹವನ್ನು ಸೇರಿದ ಮದ್ಯಸಾರವು ಎರಡು ಹೆಜ್ಜೆಗಳಲ್ಲಿ ಕರಗುತ್ತದೆ. ಮೊದಲನೆಯ ಹೆಜ್ಜೆಯಲ್ಲಿ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವು ಅದನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಇದು ಮದ್ಯಸಾರಕ್ಕಿಂತಲೂ ತೀಕ್ಷ್ಣವಾದ ವಿಷ. ಎರಡನೆಯ ಹೆಜ್ಜೆಯಲ್ಲಿ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಮತ್ತೊಂದು ಕಿಣ್ವವು ಅದನ್ನು ವಿನೆಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲದ ರೂಪಕ್ಕೆ ತರುತ್ತದೆ. ಅಲ್ಲಿಂದ ಮುಂದೆ ಅದು ದೇಹದ ಸಾಮಾನ್ಯವಾದ ಆಹಾರವಾಗಿ ಶಕ್ತಿಯನ್ನೂ ಕೊಬ್ಬನ್ನೂ ಕೊಡುತ್ತದೆ. ಮೊದಲನೆಯ ಕಿಣ್ವವು ಇಲ್ಲದ ನೊಣಗಳನ್ನು ಪ್ರಯೋಗಶಾಲೆಗಳಲ್ಲಿ ಬೇರ್ಪಡಿಸಿದ್ದಾರೆ. ಸಾಧಾರಣ ನೊಣಗಳು ಸುಖವಾಗಿ ಬದುಕುವಷ್ಟು ಮದ್ಯಸಾರವಿರುವ ಆಹಾರದಲ್ಲಿ ಅವು ಸತ್ತುಹೋಗುತ್ತವೆ. ಇದರಿಂದ ಆ ಕಿಣ್ವವು ಎಷ್ಟು ಅಗತ್ಯವೆಂಬುದು ಸ್ಪಷ್ಟವಾಗುತ್ತದೆ.

೪. ಪಾಠಾಂತರಗಳು

ಈ ಕಿಣ್ವದ ರಚನೆಯನ್ನು ಗೊತ್ತುಪಡಿಸುವ ಜೀನು, ಎಂದರೆ ವಂಶವಾಹಿಯು, ನೊಣದ ಎರಡನೆಯ ವರ್ಣತಂತುವಿನಲ್ಲಿದೆ. ವಂಶವಾಹಿಯೆಂಬುದು ಡಿ.ಎನ್.ಎ. ಎಂಬ ದೀರ್ಘವಾದ ಎಳೆಯಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ಒಂದು ಗ್ರಂಥಭಾಗವೆಂದು ತಿಳಿಯಬಹುದು. ತಲೆಮಾರಿನಿಂದ ತಲೆಮಾರಿಗೆ ಅದನ್ನು ಪ್ರತಿಮಾಡುವಾಗ ಅಪರೂಪವಾಗಿ ಒಂದು ಅಕ್ಷರವು ಮತ್ತೊಂದಾಗುತ್ತದೆ. ಓಲೆಗರಿಯ ಗ್ರಂಥಗಳಲ್ಲಿ ಲಿಪಿಕಾರನ ಕೈತಪ್ಪಿನಿಂದ ಪಾಠಾಂತರಗಳು ಹುಟ್ಟುವ ಬಗೆಯೂ ಇದೇ. ಅಂತಹ ಭೇದಗಳು ಬಹುಕಾಲ ಉಳಿದು ಜನಸಮುದಾಯದಲ್ಲಾಗಲಿ ನೊಣಗಳ ಸಮುದಾಯದಲ್ಲಾಗಲಿ ಹರಡಿಕೊಂಡಿದ್ದರೆ ಅದನ್ನೇ ಸಹಜವಾದ ಆನುವಂಶಿಕ ವೈವಿಧ್ಯವೆನ್ನುತ್ತಾರೆ.

ಮೇಲೆ ಹೇಳಿದ ಕಿಣ್ವದಲ್ಲಿ ಎರಡು ಪಾಠಗಳು ಲೋಕದಲ್ಲೆಲ್ಲ ಪ್ರಚುರವಾಗಿವೆ. ವಿದ್ಯುತ್ತನ್ನು ಹಾಯಿಸಿದ ಪಿಷ್ಟದ ಪದರದಲ್ಲಿ ಒಂದು ವೇಗವಾಗಿಯೂ ಮತ್ತೊಂದು ನಿಧಾನವಾಗಿಯೂ ಸರಿಯುವುದರಿಂದ ಅವುಗಳಿಗೆ ಶೀಘ್ರ, ಮಂದ ಎಂಬರ್ಥದ ಹೆಸರುಗಳು ಬಂದಿವೆ. ಇವು ಪದರದಲ್ಲಿ ಸರಿಯುವ ವೇಗವನ್ನು ಕುರಿತ ಹೆಸರುಗಳೇ ಹೊರತು ಮದ್ಯಸಾರವನ್ನು ಕರಗಿಸುವ ವೇಗವನ್ನು ಕುರಿತವಲ್ಲ. ಆದರೆ ದೈವಯೋಗದಿಂದ ಅದಕ್ಕೂ ಅನ್ವರ್ಥವಾಗಿವೆ. ಈ ಕಿಣ್ವವು ಇನ್ನೂರೈವತ್ತಕ್ಕೂ ಕೆಲವೇ ಹೆಚ್ಚಾದ ಅಮೈನೋ ಆಮ್ಲಗಳ ಸರಪಣಿ. ಅದರ ೧೯೨ನೆಯ ಸ್ಥಾನದಲ್ಲಿ ಶೀಘ್ರಪಾಠದಲ್ಲಿ ತ್ರಿಯೊನೀನ್ ಎಂಬ ಆಮ್ಲವೂ ಮಂದಪಾಠದಲ್ಲಿ ಲೈಸೀನ್ ಎಂಬುದೂ ಇರುತ್ತವೆ. ಮಿಕ್ಕ ಸರಪಣಿಯೆಲ್ಲ ಒಂದೇ. ಈ ಒಂದು ಭೇದದಿಂದ ಶೀಘ್ರಪಾಠದ ಕಿಣ್ವವು ಮದ್ಯಸಾರವನ್ನು ಹೆಚ್ಚು ಚುರುಕಾಗಿ ಕರಗಿಸುತ್ತದೆ.

೧೯೮೩ರಲ್ಲಿ ಮಾರ್ಟಿನ್ ಕ್ರೈಟ್ಮನ್ ಎಂಬ ಅಮೆರಿಕದ ವಿದ್ವಾಂಸನು ಮಾಡಿದ ಕೆಲಸವು ಗ್ರಂಥಸಂಪಾದಕರಿಗೆ ವಿಶೇಷವಾಗಿ ರುಚಿಸಬೇಕಾದುದು. ಅವನು ವಾಷಿಂಗ್ಟನ್, ಫ್ಲಾರಿಡ, ಆಫ್ರಿಕ, ಫ್ರಾನ್ಸ್, ಜಪಾನ್ ಈ ಐದು ಕಡೆಗಳ ನೊಣಗಳಿಂದ ಈ ವಂಶವಾಹಿಯ ಹನ್ನೊಂದು ಪ್ರತಿಗಳನ್ನು ತೆಗೆದನು. ಅವುಗಳಲ್ಲಿ ಆರು ಮಂದಪಾಠದವು, ಐದು ಶೀಘ್ರಪಾಠದವು. ಪ್ರತಿಯೊಂದರಲ್ಲಿಯೂ ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ಅಕ್ಷರಗಳನ್ನು ಓದಿ ಒಂದಕ್ಕೊಂದು ಹೋಲಿಸಿದನು. ಒಟ್ಟು ೪೩ ಕಡೆಗಳಲ್ಲಿ ಅಕ್ಷರಭೇದವು ಕಂಡುಬಂದಿತು. ಅವುಗಳಲ್ಲಿ ೪೨ ಭೇದಗಳು ಕಿಣ್ವದ ರಚನೆಯನ್ನು ಎಳ್ಳಷ್ಟೂ ಬದಲಿಸುವುದಿಲ್ಲ. ಅಮೈನೋ ಆಮ್ಲವನ್ನು ಬದಲಿಸುವುದು ಒಂದೇ ಒಂದು, ಅದು ಮೇಲೆ ಹೇಳಿದ ೧೯೨ನೆಯ ಸ್ಥಾನದ್ದು. ಅರ್ಥವನ್ನು ಕೆಡಿಸುವ ಪಾಠಗಳನ್ನು ಪ್ರಕೃತಿಯು ಉಳಿಯಗೊಡದೆ ಅಳಿಸಿಹಾಕಿದೆ. ಅರ್ಥಕ್ಕೆ ಬಾಧಕವಲ್ಲದವುಗಳನ್ನು ಉಪೇಕ್ಷೆಯಿಂದ ಬಿಟ್ಟಿದೆ. ಹೀಗಿರಲು ಅರ್ಥಭೇದವುಳ್ಳ ಈ ಒಂದು ಪಾಠವು ಖಂಡಖಂಡಗಳಲ್ಲಿ ಉಳಿದುಬಂದಿರುವುದು ಏತಕ್ಕೆ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

ಅಮೈನೋ ಆಮ್ಲವನ್ನು ಬದಲಿಸದ ಭೇದಗಳು ಸರ್ವಥಾ ನಿರರ್ಥಕವೆಂದೂ ಹೇಳುವಂತಿಲ್ಲ. ವಂಶವಾಹಿಯ ನಡುವೆ ಕಿಣ್ವದ ರಚನೆಗೆ ಸೇರದ ಭಾಗಗಳೂ ಉಂಟು. ಅಲ್ಲಿಯ ಕೆಲವು ಭೇದಗಳು ಕಿಣ್ವವು ಎಂತಹುದಾಗಬೇಕೆಂಬುದನ್ನು ಹೇಳದಿದ್ದರೂ ಎಷ್ಟು ಉತ್ಪನ್ನವಾಗಬೇಕೆಂಬುದನ್ನು ಪ್ರಭಾವಿಸುತ್ತವೆ. ಶೀಘ್ರಪಾಠದ ನೊಣಗಳಲ್ಲಿ ಕಿಣ್ವವು ಚುರುಕಾಗಿರುವುದಲ್ಲದೆ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣದಲ್ಲಿಯೂ ಇರುತ್ತದೆ; ಈ ಆಧಿಕ್ಯಕ್ಕೆ ಕಾರಣವು ೧೯೨ನೆಯ ಸ್ಥಾನದ ಭೇದವಲ್ಲ, ಅದರ ನೆರೆಯ ಭೇದಗಳು.

೫. ದೇಶಭೇದವೂ ಒಂದು ಸುಂದರವಾದ ಊಹೆಯೂ

ಈ ನೊಣದ ಮೂಲಸ್ಥಾನವು ಆಫ್ರಿಕಖಂಡ. ಅಲ್ಲಿಂದ ಅದು ಮನುಷ್ಯನ ಹಿಂದೆಯೇ ಲೋಕದಲ್ಲೆಲ್ಲ ಹರಡಿತು. ಫ್ರಾನ್ಸಿನ ಜೀನ್ ದವೀದ್ ಮೊದಲಾದವರು ೧೯೭೦ರ ದಶಕದಲ್ಲಿ ತೋರಿಸಿದಂತೆ, ಯೂರೋಪಿನ ಶೀತದೇಶಗಳ ನೊಣಗಳು ಆಫ್ರಿಕದ ಉಷ್ಣದೇಶಗಳ ನೊಣಗಳಿಗಿಂತ ಬಹಳ ಹೆಚ್ಚಿನ ಮದ್ಯಸಾರವನ್ನು ಸಹಿಸುತ್ತವೆ. ಉತ್ತರ ಅಮೆರಿಕದ ಪೂರ್ವತೀರದಲ್ಲಿಯೂ ಆಸ್ಟ್ರೇಲಿಯದ ಪೂರ್ವತೀರದಲ್ಲಿಯೂ ಭೂಮಧ್ಯರೇಖೆಯಿಂದ ದೂರ ಹೋದಂತೆಲ್ಲ ಶೀಘ್ರಪಾಠದ ಪ್ರಮಾಣವು ಕ್ರಮವಾಗಿ ಏರುತ್ತದೆ. ನಮ್ಮ ದೇಶದಲ್ಲಿಯೂ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಇದೇ ಏರಿಕೆಯು ಕಂಡುಬಂದಿದೆ. ಬೇರೆ ಬೇರೆ ಖಂಡಗಳಲ್ಲಿ ಒಂದೇ ಕ್ರಮವು ಕಾಣುತ್ತಿರುವುದರಿಂದ ಇದು ಕಾಕತಾಳೀಯವೆನ್ನಲಾಗದು.

ಇದಕ್ಕೆ ಕಾರಣವೇನು? ಮಂದಪಾಠದ ಕಿಣ್ವವು ತಾಪವನ್ನು ಹೆಚ್ಚು ತಡೆದುಕೊಳ್ಳುತ್ತದೆಯೆಂದೂ ಶೀಘ್ರಪಾಠದ್ದು ಚುರುಕಾದರೂ ತಾಪಕ್ಕೆ ಬೇಗ ಕೆಡುತ್ತದೆಯೆಂದೂ ಬಹುಕಾಲ ಹೇಳುತ್ತಿದ್ದರು. ಆದುದರಿಂದ ಉಷ್ಣದೇಶದಲ್ಲಿ ಮಂದಕ್ಕೂ ಶೀತದೇಶದಲ್ಲಿ ಶೀಘ್ರಕ್ಕೂ ಅನುಕೂಲ. ಎರಡೂ ಉಳಿದುಬಂದಿರುವುದಕ್ಕೆ ಇದೇ ಹೇತು. ಎಷ್ಟು ಸುಂದರವಾದ ಊಹೆ! ಇದು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿತ್ತು. ೨೦೦೫ರಲ್ಲಿ ಉಮಿನಾ ಮೊದಲಾದ ಆಸ್ಟ್ರೇಲಿಯದ ವಿದ್ವಾಂಸರು ಇಪ್ಪತ್ತು ವರ್ಷಗಳ ಅಂತರದಲ್ಲಿ ಆ ಪೂರ್ವತೀರದ ಶ್ರೇಣಿಯು ಅಕ್ಷಾಂಶದಲ್ಲಿ ನಾಲ್ಕು ಡಿಗ್ರಿಯಷ್ಟು ಸರಿದಿದೆಯೆಂದು ತೋರಿಸಿದಾಗ, ಎಂದರೆ ದಕ್ಷಿಣದ ನೊಣಗಳು ಮೊದಲು ಉತ್ತರದಲ್ಲಿದ್ದವುಗಳ ಹಾಗೆ ಆಗಿವೆಯೆಂದು ಹೇಳಿದಾಗ, ಹವೆಯ ಬಿಸಿಗೂ ಈ ಪಾಠಭೇದಕ್ಕೂ ಸಂಬಂಧವಿದೆಯೆಂಬ ನಂಬಿಕೆಯು ಮತ್ತಷ್ಟು ಬಲಗೊಂಡಿತು.

ಆದರೆ ಸಂಬಂಧವು ಕಂಡಮಾತ್ರದಿಂದ ಕಾರಣವು ಸಿದ್ಧಿಸುವುದಿಲ್ಲ. ಸಿದ್ದಿಕ್ ಮತ್ತು ಥಾರ್ನ್‌ಟನ್ ಎಂಬ ವಿದ್ವಾಂಸರು, ಬೇರಾವ ಭೇದವೂ ಇಲ್ಲದೆ ಆ ಒಂದು ಸ್ಥಾನದಲ್ಲಿ ಮಾತ್ರ ಭೇದವಿರುವಂತೆ ನೊಣಗಳನ್ನು ಸಿದ್ಧಪಡಿಸಿ ಈ ಊಹೆಯನ್ನು ಪರೀಕ್ಷಿಸಿದರು. ೨೦೧೯ರಲ್ಲಿ ಪ್ರಕಟವಾದ ಅವರ ನಿರ್ಣಯವು ಹೀಗಿದೆ: ಶೀಘ್ರಪಾಠದ ಕಿಣ್ವವು ಚುರುಕಾದುದು ನಿಜ, ಆ ನೊಣಗಳು ಮದ್ಯಸಾರವನ್ನು ಹೆಚ್ಚು ಸಹಿಸುವುದೂ ನಿಜ; ಆದರೆ ಬಿಸಿಯಲ್ಲಿ ಅದು ಮಂದಪಾಠಕ್ಕಿಂತ ಬೇಗ ಕೆಡುವುದಿಲ್ಲ. ಪರೀಕ್ಷಿಸಿದ ಎಲ್ಲ ಉಷ್ಣತೆಗಳಲ್ಲಿಯೂ ಶೀಘ್ರಪಾಠಕ್ಕೇ ಮೇಲುಗೈ. ಹಾಗಾದರೆ ಉಷ್ಣದೇಶದಲ್ಲಿ ಮಂದಪಾಠವು ಹೆಚ್ಚಾಗಿರುವುದಕ್ಕೆ ಕಾರಣವನ್ನು ಆ ಕಿಣ್ವದ ತಾಪಸಹಿಷ್ಣುತೆಯಲ್ಲಿ ಹುಡುಕುವುದು ವ್ಯರ್ಥ; ನೆರೆಯ ಭೇದಗಳಲ್ಲಿಯೋ ಜೀವನದ ಬೇರೆ ಸನ್ನಿವೇಶದಲ್ಲಿಯೋ ಹುಡುಕಬೇಕು. ಇದಕ್ಕೆ ಎರಡು ವರ್ಷ ಮೊದಲು, ೨೦೧೭ರಲ್ಲಿ, ಅದೇ ವಿದ್ವಾಂಸರು ಇತರರೊಡನೆ ಕೂಡಿ ಮತ್ತೊಂದು ಪ್ರಸಿದ್ಧವಾದ ಊಹೆಯನ್ನು ಪರೀಕ್ಷಿಸಿದ್ದರು. ಮೆಲನೋಗ್ಯಾಸ್ಟರ್ ನೊಣವು ತನ್ನ ದಾಯಾದಿಯಾದ ಸಿಮ್ಯುಲನ್ಸ್ ನೊಣಕ್ಕಿಂತ ಹೆಚ್ಚಿನ ಮದ್ಯಸಾರವನ್ನು ಸಹಿಸುವುದಕ್ಕೆ ಈ ಕಿಣ್ವದ ರಚನೆಯು ಮಾರ್ಪಟ್ಟದ್ದೇ ಕಾರಣವೆಂಬುದು ಆ ಊಹೆ. ಪ್ರಾಚೀನ ಪೂರ್ವಜನ ಕಿಣ್ವವನ್ನು ಅನುಮಾನಬಲದಿಂದ ಪುನಾರಚಿಸಿ, ಅದನ್ನು ಇಂದಿನ ನೊಣಗಳಲ್ಲಿ ಇಟ್ಟು ನೋಡಿದಾಗ, ಹಳೆಯದಕ್ಕೂ ಹೊಸದಕ್ಕೂ ಮದ್ಯಸಾರದ ವಿಷಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಲುಪ್ತವಾದ ಮೂಲಪ್ರತಿಯನ್ನು ಉಳಿದ ಪ್ರತಿಗಳಿಂದ ಊಹಿಸಿ ಕಟ್ಟುವ ನಮ್ಮ ಶಾಸ್ತ್ರಕ್ಕೆ ಇದಕ್ಕಿಂತ ಹತ್ತಿರದ ಬಂಧು ಬೇರೊಂದಿಲ್ಲ. ವಿಶೇಷವೇನೆಂದರೆ, ಅವರು ಕಟ್ಟಿದ ಪಾಠವನ್ನು ಜೀವಂತವಾಗಿ ನಿಲ್ಲಿಸಿ ಪ್ರಶ್ನಿಸಬಲ್ಲರು. ನಮಗೆ ಆ ಭಾಗ್ಯವಿಲ್ಲ.

೬. ಮದವೇರುವ ಬಗೆ

ಇಲ್ಲಿಯವರೆಗೆ ಹೇಳಿದುದು ವಿಷವನ್ನು ಕರಗಿಸುವ ಶಕ್ತಿಯನ್ನು ಕುರಿತದ್ದು. ಮದವೇರುವುದು ಬೇರೆಯ ಸಂಗತಿ. ಅದು ನಾಡೀಮಂಡಲದ ವ್ಯಾಪಾರ. ನೊಣಕ್ಕೂ ಮದವೇರುತ್ತದೆ. ಮೊದಲು ಅದು ಚಡಪಡಿಸಿ ಓಡಾಡುತ್ತದೆ, ಬಳಿಕ ತಪ್ಪುಹೆಜ್ಜೆಯಿಡುತ್ತದೆ, ಕೊನೆಗೆ ಬಿದ್ದುಬಿಡುತ್ತದೆ. ಇದನ್ನು ಅಳೆಯುವುದಕ್ಕಾಗಿ ಕೆನೆತ್ ವೆಬರ್ ಎಂಬವನು ಒಂದು ಉಪಕರಣವನ್ನು ನಿರ್ಮಿಸಿ ೧೯೮೮ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಸುಮಾರು ನಾಲ್ಕು ಅಡಿ ಎತ್ತರದ ಗಾಜಿನ ಕೊಳವೆ. ಅದರೊಳಗೆ ಮೇಲಿನಿಂದ ಕೆಳಗಿನವರೆಗೆ ಇಳಿಜಾರಾದ ತಟ್ಟೆಗಳು. ನೊಣಗಳನ್ನು ಮೇಲಿನಿಂದ ಬಿಟ್ಟು ಮದ್ಯಸಾರದ ಆವಿಯನ್ನು ಹಾಯಿಸುತ್ತಾರೆ. ಹಿಡಿತವು ತಪ್ಪಿದ ನೊಣವು ತಟ್ಟೆಯಿಂದ ತಟ್ಟೆಗೆ ಜಾರಿ ತಳವನ್ನು ಸೇರುತ್ತದೆ. ಸಾಧಾರಣವಾದ ನೊಣಗಳು ಕೆಳಗಿಳಿಯಲು ಸುಮಾರು ಇಪ್ಪತ್ತು ನಿಮಿಷಗಳನ್ನು ತೆಗೆದುಕೊಳ್ಳುತ್ತವೆ. ಕೆಲವು ಬೇಗ, ಕೆಲವು ತಡ.

ಉತ್ತರ ಅಮೆರಿಕದ ಪಶ್ಚಿಮತೀರದ ನೊಣಗಳನ್ನು ಕುರಿತು ಕೊಹನ್ ಮೊದಲಾದವರು ೧೯೮೫-೮೬ರಲ್ಲಿ ನಡೆಸಿದ ಪ್ರಯೋಗಗಳು ಒಂದು ಸೂಕ್ಷ್ಮವನ್ನು ಹೊರಗೆಡವಿದವು. ಬೇರೆ ಬೇರೆ ಊರುಗಳ ನೊಣಗಳಿಂದ ಮದವನ್ನು ತಡೆದುಕೊಳ್ಳುವವುಗಳನ್ನೇ ಪ್ರತಿ ತಲೆಮಾರಿನಲ್ಲಿಯೂ ಆರಿಸಿ ಬೆಳೆಸಿದಾಗ ಎಲ್ಲ ಸಮುದಾಯಗಳೂ ಹೆಚ್ಚು ತಡೆಯುವವಾದವು. ಆದರೆ ಅವು ಆ ಗುರಿಯನ್ನು ಮುಟ್ಟಿದುದು ಒಂದೇ ಮಾರ್ಗದಿಂದಲ್ಲ. ಒಂದೊಂದು ಸಮುದಾಯದಲ್ಲಿ ಒಂದೊಂದು ಬಗೆಯ ಆನುವಂಶಿಕ ಭೇದಗಳು ಮುಂದೆ ಬಂದವು. ಹೊರಗೆ ಕಾಣುವ ಗುಣವು ಒಂದೇ ಆದರೂ ಒಳಗಿನ ಕಾರಣವು ಒಂದೇ ಆಗಬೇಕಾಗಿಲ್ಲವೆಂದು ಇದರಿಂದ ಸಿದ್ಧವಾಯಿತು.

ಅನಂತರದ ಮುಖ್ಯವಾದ ಕಾರ್ಯವು ಅಮೆರಿಕದ ಉತ್ತರ ಕೆರೊಲಿನ ಪ್ರಾಂತದ ರಾಲೀ ನಗರದಲ್ಲಿ ನಡೆದುದು. ಅಲ್ಲಿಯ ರೈತರ ಸಂತೆಯಲ್ಲಿ ಹಿಡಿದ ಹೆಣ್ಣುನೊಣಗಳ ಸಂತತಿಯನ್ನು ಇಪ್ಪತ್ತು ತಲೆಮಾರುಗಳವರೆಗೆ ಒಡಹುಟ್ಟಿದವುಗಳಲ್ಲಿಯೇ ಕೂಡಿಸಿ ಬೇರೆ ಬೇರೆ ತಳಿಗಳನ್ನು ಪಡೆದರು. ಹೀಗೆ ಮಾಡಿದರೆ ಒಂದು ತಳಿಯೊಳಗಿನ ನೊಣಗಳೆಲ್ಲ ಒಂದೇ ಪ್ರತಿಯ ನಕಲುಗಳಂತೆ ಆಗುತ್ತವೆ. ತಳಿತಳಿಗೆ ಮಾತ್ರ ಭೇದವಿರುತ್ತದೆ. ಇಂತಹ ೧೬೮ ತಳಿಗಳ ಸಂಪೂರ್ಣವಾದ ಅಕ್ಷರಪಾಠವನ್ನು ೨೦೧೨ರಲ್ಲಿ ಮಕೈ ಮೊದಲಾದವರು ಪ್ರಕಟಿಸಿದರು. ೨೦೧೪ರ ಹೊತ್ತಿಗೆ ಅವು ೨೦೫ ಆದವು. ಸಂತೆಯ ಬುಟ್ಟಿಗಳ ಸುತ್ತ ಹಾರಾಡುತ್ತಿದ್ದ ನೊಣಗಳ ವೈವಿಧ್ಯವನ್ನೆಲ್ಲ ಹೀಗೆ ಒಂದು ಗ್ರಂಥಭಂಡಾರದಂತೆ ಜೋಡಿಸಿಟ್ಟರು.

ಮೊರೊಜೋವ, ಮಕೈ, ಆನ್‌ಹೋಲ್ಟ್ ಮೊದಲಾದವರು ೨೦೦೯ರಲ್ಲಿ ಇಂತಹ ನಲವತ್ತು ತಳಿಗಳನ್ನು ಮದ್ಯಸಾರದ ಆವಿಗೆ ಒಡ್ಡಿ ನೋಡಿದರು. ೨೦೧೫ರಲ್ಲಿ ಆ ಭಂಡಾರದ ತಳಿಗಳನ್ನು ಇನ್ನೂ ವಿಸ್ತಾರವಾಗಿ ಪರೀಕ್ಷಿಸಿದರು. ತಳಿಗಳ ನಡುವೆ ಮದವೇರುವ ಕಾಲದಲ್ಲಿ ಬಹಳ ಅಂತರವಿತ್ತು. ಆ ಅಂತರಕ್ಕೆ ಕಾರಣವಾದ ವಂಶವಾಹಿಯು ಒಂದಲ್ಲ, ಎರಡಲ್ಲ, ಅನೇಕ. ಅವು ಒಂದರೊಡನೊಂದು ಬಲೆಯಂತೆ ಹೆಣೆದುಕೊಂಡಿವೆ. ಅವುಗಳಲ್ಲಿ ಹಲವು ಮದ್ಯಸಾರಕ್ಕೆ ನೇರವಾಗಿ ಸಂಬಂಧಪಟ್ಟವುಗಳೇ ಅಲ್ಲ. ನೊಣವು ಮೊಟ್ಟೆಯಲ್ಲಿಯೂ ಮರಿಹುಳುವಿನ ದೆಸೆಯಲ್ಲಿಯೂ ಇರುವಾಗ ನಾಡೀಮಂಡಲವನ್ನು ಕಟ್ಟುವವು. ‘ಕುಡಿತದ ವಂಶವಾಹಿ’ ಎಂಬ ಒಂದು ವಸ್ತುವನ್ನು ಹುಡುಕಿಕೊಂಡು ಹೋದವನಿಗೆ ದೊರೆಯುವುದು ದೇಹವನ್ನೂ ಮಿದುಳನ್ನೂ ರಚಿಸುವ ಸಾಮಾನ್ಯವಾದ ಸಾಮಗ್ರಿಯ ಸಣ್ಣ ಸಣ್ಣ ಭೇದಗಳು. ಹುದುಗಿದ ದ್ರವ್ಯಗಳಲ್ಲಿ ಒಂದೊಂದರಲ್ಲಿಯೂ ಇಲ್ಲದ ಮದಶಕ್ತಿಯು ಅವುಗಳ ಸಮವಾಯದಲ್ಲಿ ತೋರುತ್ತದೆಯೆಂದು ಚಾರ್ವಾಕರು ಚೈತನ್ಯಕ್ಕೆ ದೃಷ್ಟಾಂತವನ್ನು ಕೊಡುತ್ತಿದ್ದರು. ಅವರ ಸಿದ್ಧಾಂತವು ಹಾಗಿರಲಿ. ಆ ದೃಷ್ಟಾಂತವು ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಇದರ ಮೇಲೆ ಅನುಭವದ ಪ್ರಭಾವವೂ ಉಂಟು. ಒಮ್ಮೆ ಮದವೇರಿ ಚೇತರಿಸಿಕೊಂಡ ನೊಣವನ್ನು ನಾಲ್ಕು ಗಂಟೆಗಳ ಬಳಿಕ ಮತ್ತೆ ಅದೇ ಕೊಳವೆಯಲ್ಲಿ ಬಿಟ್ಟರೆ ಅದು ಬೀಳಲು ಮೊದಲಿಗಿಂತ ಹೆಚ್ಚು ಕಾಲವನ್ನು ತೆಗೆದುಕೊಳ್ಳುತ್ತದೆ. ಈ ಅಭ್ಯಾಸಬಲಕ್ಕೂ ಆನುವಂಶಿಕವಾದ ಆಧಾರವಿದೆಯೆಂದು, ಅದು ಪೂರ್ಣವಾಗಿ ಬಾರದ ಒಂದು ತಳಿಯನ್ನು ಕಂಡುಹಿಡಿದು ಶೋಲ್ಸ್, ಹೆಬರ್ಲೈನ್ ಮೊದಲಾದವರು ೨೦೦೫ರಲ್ಲಿ ತೋರಿಸಿದರು. ಇನ್ನು ಮದ್ಯಸಾರವು ಎಲ್ಲ ಸಂದರ್ಭಗಳಲ್ಲಿಯೂ ಶತ್ರುವೇ ಎಂದಲ್ಲ. ನೊಣದ ಮರಿಹುಳುವಿನೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿಂದಲೇ ತಿನ್ನಿಸುವ ಚಿಕ್ಕ ಕಣಜಗಳಿವೆ. ಅಂತಹ ಕಣಜದ ಪೀಡೆಗೆ ಸಿಕ್ಕಿದ ಮರಿಹುಳುಗಳು ಮದ್ಯಸಾರವಿರುವ ಆಹಾರವನ್ನು ಹುಡುಕಿಕೊಂಡು ಹೋಗುತ್ತವೆಂದೂ ಅದರಿಂದ ಒಳಗಿನ ಶತ್ರುವು ಸಾಯುತ್ತದೆಂದೂ ೨೦೧೨ರಲ್ಲಿ ತಿಳಿದುಬಂದಿತು. ಕಣಜವನ್ನು ಕಂಡ ತಾಯಿನೊಣವು ಮೊದಲೇ ಅಂತಹ ಆಹಾರದಲ್ಲಿ ಮೊಟ್ಟೆಯಿಡುತ್ತದೆಯೆಂಬುದು ಮರುವರ್ಷ ಗೊತ್ತಾಯಿತು. ಆದಕಾರಣ ಸಹಿಷ್ಣುತೆಯು ಗುಣವೋ ದೋಷವೋ ಎಂಬುದನ್ನು ಸನ್ನಿವೇಶವನ್ನು ಬಿಟ್ಟು ಹೇಳುವಂತಿಲ್ಲ.

೭. ಮನುಷ್ಯನ ವಿಷಯ

ನೊಣದಿಂದ ಮನುಷ್ಯನಿಗೆ ನೇರವಾಗಿ ಜಿಗಿಯುವುದು ಯುಕ್ತವಲ್ಲ. ಎರಡೂ ಕಡೆ ಮದ್ಯಸಾರವನ್ನು ಕರಗಿಸುವ ಮೊದಲನೆಯ ಕಿಣ್ವಕ್ಕೆ ಹೆಸರು ಒಂದೇ, ಕೆಲಸವೂ ಒಂದೇ. ಆದರೆ ಕುಲವು ಬೇರೆ. ನಮ್ಮ ಕಿಣ್ವವು ಸತುವಿನ ಅಂಶವನ್ನು ಒಳಗೊಂಡ ದೊಡ್ಡ ಪ್ರೋಟೀನು. ನೊಣದ್ದು ಸತುವಿಲ್ಲದ ಚಿಕ್ಕದು. ಪ್ರಕೃತಿಯು ಒಂದೇ ಅರ್ಥವನ್ನು ಎರಡು ಬೇರೆ ಧಾತುಗಳಿಂದ ಸಾಧಿಸಿದೆ. ಹೀಗಿದ್ದರೂ ಕೆಲವೆಡೆ ಸಾಮ್ಯವು ಉಪಕಾರಕವಾಗಿದೆ. ಮೇಲೆ ಹೇಳಿದ ೨೦೦೯ರ ಪರೀಕ್ಷೆಯಲ್ಲಿ ನೊಣಗಳಿಂದ ದೊರೆತ ಸೂಚನೆಯನ್ನು ಹಿಡಿದು, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬಲ್ಲಿಯ ೧೬೮೭ ಮಂದಿಯಲ್ಲಿ ಮ್ಯಾಲಿಕ್ ಕಿಣ್ವವೆಂಬುದರ ವಂಶವಾಹಿಯನ್ನು ನೋಡಿದರು. ಅದರ ಏಳು ಅಕ್ಷರಭೇದಗಳಿಗೂ ಅವರ ಕುಡಿತದ ಒಂದು ಬಗೆಗೂ ಸಂಬಂಧವು ಕಂಡುಬಂದಿತು. ಆ ಏಳೂ ಪ್ರೋಟೀನಿನ ರಚನೆಗೆ ಸೇರದ ಭಾಗದಲ್ಲಿದ್ದವುಗಳೇ.

ಎರಡನೆಯ ಹೆಜ್ಜೆಯ ಕಿಣ್ವದಲ್ಲಿ ಸಾಮ್ಯವು ಇನ್ನೂ ಸ್ವಾರಸ್ಯವಾಗಿದೆ. ನೊಣದಲ್ಲಿ ಆ ಕಿಣ್ವದ ಒಂದು ಪಾಠಭೇದವು ಅಸಿಟಾಲ್ಡಿಹೈಡನ್ನು ಬೇಗ ಕರಗಿಸುವಂತಹುದಾಗಿದ್ದು ಅದು ಶೀತದೇಶಗಳಲ್ಲಿ ಹೆಚ್ಚೆಂದು ೨೦೦೮ರಲ್ಲಿ ಫ್ರೈ ಮೊದಲಾದವರು ತಿಳಿಸಿದರು. ಮನುಷ್ಯರಲ್ಲಿ, ವಿಶೇಷವಾಗಿ ಚೀನ, ಜಪಾನ್, ಕೊರಿಯಗಳಲ್ಲಿ, ಅದೇ ಕೆಲಸದ ಕಿಣ್ವವನ್ನು ಬಹುಮಟ್ಟಿಗೆ ನಿಷ್ಕ್ರಿಯಗೊಳಿಸುವ ಪಾಠಭೇದವೊಂದು ಪ್ರಚುರವಾಗಿದೆ. ಅದು ಉಳ್ಳವರು ಸ್ವಲ್ಪ ಕುಡಿದರೂ ಮುಖವು ಕೆಂಪೇರಿ, ಎದೆಬಡಿತವು ಹೆಚ್ಚಿ, ಓಕರಿಕೆ ಬರುತ್ತದೆ. ಆದುದರಿಂದ ಅವರಲ್ಲಿ ಕುಡಿತದ ದಾಸರಾಗುವವರು ಕಡಮೆ. ಆದರೆ ಅದೇ ಪಾಠವುಳ್ಳವನು ಹಟಹಿಡಿದು ಕುಡಿದರೆ ಅವನಿಗೆ ಅನ್ನನಾಳದ ಕ್ಯಾನ್ಸರಿನ ಅಪಾಯವು ಇತರರಿಗಿಂತ ಹೆಚ್ಚು. ಕುಡಿಯದವನನ್ನು ಕಾಪಾಡುವ ಹುಟ್ಟುಗುಣವೇ ಕುಡಿದವನನ್ನು ಕೊಲ್ಲುತ್ತದೆ.

ಮದದ ಬಗ್ಗೆಯೂ ಲೋಕದ ಊಹೆಗೆ ವಿರುದ್ಧವಾದ ಸಂಗತಿಯಿದೆ. ಯೌವನದಲ್ಲಿ ಸುಲಭವಾಗಿ ಮದವೇರುವವನೇ ಮುಂದೆ ಕುಡುಕನಾಗುವನೆಂದು ನಾವು ಭಾವಿಸುತ್ತೇವೆ. ಅಮೆರಿಕದ ಷುಕಿಟ್ ಎಂಬ ವೈದ್ಯನು ಕುಡುಕರ ಮಕ್ಕಳನ್ನೂ ಇತರರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿ ೧೯೯೪ರಲ್ಲಿ ಪ್ರಕಟಿಸಿದ ಪ್ರಕಾರ, ಮದ್ಯಸಾರದ ಪರಿಣಾಮವು ಯಾರಿಗೆ ಕಡಮೆಯಾಗಿ ತೋರುತ್ತದೆಯೋ ಅವರಿಗೇ ಮುಂದೆ ಅಪಾಯವು ಹೆಚ್ಚು. ‘ಎಷ್ಟು ಕುಡಿದರೂ ಅಲುಗಾಡದವನು’ ಎಂಬುದು ಹೊಗಳಿಕೆಯಲ್ಲ, ಎಚ್ಚರಿಕೆ.

ಅವಳಿಗಳನ್ನೂ ದತ್ತುಮಕ್ಕಳನ್ನೂ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಪ್ರಕಟವಾದ ಸಮೀಕ್ಷೆಯು, ಕುಡಿತದ ವ್ಯಸನದಲ್ಲಿ ಜನರ ನಡುವಣ ಅಂತರದ ಸುಮಾರು ಅರ್ಧಭಾಗವು ಆನುವಂಶಿಕವೆಂದು ಹೇಳುತ್ತದೆ. ಈ ‘ಅರ್ಧ’ವನ್ನು ತಪ್ಪಾಗಿ ತಿಳಿಯಬಾರದು. ಒಬ್ಬ ಮನುಷ್ಯನ ಕುಡಿತದಲ್ಲಿ ಅರ್ಧವು ರಕ್ತದ್ದು, ಅರ್ಧವು ಅವನದು ಎಂದು ಇದರ ಅರ್ಥವಲ್ಲ. ಒಂದು ಸಮುದಾಯದಲ್ಲಿ, ಒಂದು ಕಾಲದಲ್ಲಿ, ಜನರು ಒಬ್ಬರಿಗಿಂತ ಒಬ್ಬರು ಭಿನ್ನರಾಗಿರುವುದಕ್ಕೆ ಹುಟ್ಟಿನ ಭೇದವು ಎಷ್ಟು ಕಾರಣವೆಂಬುದಷ್ಟೇ ಅದರ ತಾತ್ಪರ್ಯ. ಮದ್ಯವೇ ಸಿಕ್ಕದ ಊರಿನಲ್ಲಿ ಆ ಲೆಕ್ಕವೇ ಏಳುವುದಿಲ್ಲ.

೮. ಉಪಸಂಹಾರ

ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಹೇಳುವವನನ್ನು ನೈಯಾಯಿಕರು ತಡೆಯುತ್ತಾರೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿ ಸೌದೆಯ ಸಂಯೋಗವಾದಾಗ ಮಾತ್ರ ಬೆಂಕಿಯಿಂದ ಹೊಗೆಯೇಳುತ್ತದೆ. ಆ ಸಂಯೋಗವನ್ನು ಉಪಾಧಿಯೆನ್ನುತ್ತಾರೆ. ಉಪಾಧಿಯುಳ್ಳ ಹೇತುವಿನಿಂದ ಮಾಡಿದ ಅನುಮಾನವು ನಿಲ್ಲುವುದಿಲ್ಲ. ‘ತಂದೆಯು ಕುಡುಕ, ಆದುದರಿಂದ ಮಗನೂ ಕುಡುಕ’ ಎಂಬ ಊರವರ ಅನುಮಾನವು ಈ ಜಾತಿಯದೇ. ಹುಟ್ಟುಗುಣವಿಲ್ಲವೆಂದು ನಾನು ಹೇಳುತ್ತಿಲ್ಲ. ನೊಣದಲ್ಲಿಯೂ ಅದು ಇದೆ, ನಮ್ಮಲ್ಲಿಯೂ ಇದೆ, ಅಳತೆಗೂ ಸಿಕ್ಕುತ್ತದೆ. ಆದರೆ ಅದು ಅನೇಕ ಪಾಠಾಂತರಗಳ ಸಮೂಹ. ಒಂದೊಂದರ ಬಲವೂ ಅಲ್ಪ. ಒಂದೇ ಪಾಠವು ಒಂದು ಸನ್ನಿವೇಶದಲ್ಲಿ ರಕ್ಷೆ, ಮತ್ತೊಂದರಲ್ಲಿ ಮೃತ್ಯು. ಅತ್ಯಂತ ಸರಳವಾದ ನೊಣದ ವಿಷಯದಲ್ಲಿ, ಒಂದೇ ಕಿಣ್ವದ ಒಂದೇ ಸ್ಥಾನದ ಬಗ್ಗೆ, ವಿದ್ವಾಂಸರು ದಶಕಗಳ ಕಾಲ ನಂಬಿದ್ದ ಕಾರಣವೇ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಹೀಗಿರುವಲ್ಲಿ ಒಬ್ಬ ಹುಡುಗನ ಭವಿಷ್ಯವನ್ನು ಒಂದು ಗಾದೆಯಿಂದ ನಿರ್ಣಯಿಸುವುದು ಸಾಹಸವೇ ಸರಿ.

ನನ್ನ ಶಿಷ್ಯನ ವಿಷಯದಲ್ಲಿ ನಾವು ಮಾಡಿದುದು ಆ ಸಾಹಸವನ್ನೇ. ಅವನ ಮನೆತನದ ಚರಿತ್ರೆಯು ತಿಳಿದಿದ್ದವರಿಗೆ ಅದು ಕೈಬಿಡಲು ಹೇತುವಾಗದೆ ಮೊದಲೇ ಕೈಹಿಡಿಯಲು ಹೇತುವಾಗಬೇಕಾಗಿತ್ತು. ಮುಖವು ಕೆಂಪೇರುವ ಹುಟ್ಟುಗುಣವುಳ್ಳವನಿಗೆ ವೈದ್ಯರು ‘ನೀನು ಕುಡಿಯಲೇಬೇಡ’ ಎಂದು ಎಚ್ಚರಿಸುವಂತೆ, ಅವನಿಗೂ ಯಾರಾದರೂ ಸಕಾಲದಲ್ಲಿ ಹೇಳಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬಹುದಾಗಿತ್ತು. ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಅಧ್ಯಾಪಕರು. ಅವರ ತರಗತಿಗಳಲ್ಲಿಯೂ ಅಂತಹ ಮನೆಗಳಿಂದ ಬಂದ ಮಕ್ಕಳಿರಬಹುದು. ಅವರನ್ನು ಕಂಡಾಗ ಗಾದೆಯನ್ನು ನೆನೆಯದೆ, ಅವರೊಡನೆ ಒಂದು ಮಾತನಾಡಿದರೆ ಈ ಲೇಖನವನ್ನು ಬರೆದ ಶ್ರಮವು ಸಾರ್ಥಕವೆಂದು ಭಾವಿಸುತ್ತೇನೆ.